ಪ್ಯಾರಿಸ್‌ಗೆ ಸೌದೆ ಹೋದ ದಾರಿ

ಪ್ಯಾರಿಸ್‌ನ ಬೆರ್ಸಿ ನಿಲ್ದಾಣದಿಂದ ಬುರ್ಗುಂಡಿ ಕಡೆಗೆ ಹೊರಟ ರೈಲು ಓಸೇರ್ ಪಟ್ಟಣದ ಆಚೆ ಯೋನ್ ನದಿಯ ಪಕ್ಕಕ್ಕೇ ಬಂದುಬಿಡುತ್ತದೆ. ಕಿಟಕಿಯಲ್ಲಿ ಒಮ್ಮೆ ನದಿ, ಒಮ್ಮೆ ಕಾಲುವೆ. ಯಾವುದು ಯಾವುದು ಅಂತ ಮೊದಮೊದಲು ತಿಳಿಯುವುದಿಲ್ಲ. ಆಮೇಲೆ ಕಣ್ಣು ಪಳಗುತ್ತದೆ. ಅಂಕುಡೊಂಕಾಗಿ, ಸ್ವಲ್ಪ ಸದ್ದು ಮಾಡುತ್ತಾ ಹೋಗುವುದು ನದಿ. ದಡ ನೆಟ್ಟಗಿದ್ದು, ನೀರು ಅಲ್ಲಾಡದೆ ನಿಂತಂತಿದ್ದರೆ ಅದು ನಿವೆರ್ನೆ ಕಾಲುವೆ.

ನಾನೂ ನನ್ನ ಹೆಂಡತಿಯೂ ಇಳಿದದ್ದು ಕ್ಲಾಮ್ಸಿ ಎಂಬ ಸಣ್ಣ ಊರಿನಲ್ಲಿ. ಅಲ್ಲಿಂದ ಕಾಲುವೆ ಹಿಡಿದು ಮೇಲಕ್ಕೆ, ಮೊರ್ವಾನ್ ಗುಡ್ಡಗಳ ಕಡೆಗೆ ನಡೆಯುವುದು ನಮ್ಮ ಯೋಜನೆ. ಈ ಕಾಲುವೆ ಓಸೇರ್‌ನಿಂದ ಲುವಾರ್ ನದಿಯವರೆಗೆ ಒಟ್ಟು 174 ಕಿಲೋಮೀಟರ್ ಉದ್ದವಿದೆ. ಪೂರ್ತಿ ನಡೆಯುವ ಹಟ ನಮಗಿರಲಿಲ್ಲ. ಚೆನ್ನಾಗಿರುವ ಭಾಗ ಮಾತ್ರ ಸಾಕು ಅಂದುಕೊಂಡೆವು.

ಕ್ಲಾಮ್ಸಿಯ ಸೇತುವೆ ಮೇಲೆ ಉದ್ದ ಗಳ ಹಿಡಿದ ಮನುಷ್ಯನ ಪ್ರತಿಮೆಯೊಂದಿದೆ. ಸೈನಿಕನಲ್ಲ, ರಾಜನಲ್ಲ. ಸೌದೆ ತೇಲಿಸುವವನು! ಊರಿನ ಕಥೆಯೆಲ್ಲ ಅವನದೇ. 16ನೇ ಶತಮಾನದ ಹೊತ್ತಿಗೆ ಪ್ಯಾರಿಸ್ ಸುತ್ತಲಿನ ಕಾಡು ಬೋಳಾಗಿತ್ತು. ಚಳಿಗಾಲದಲ್ಲಿ ಒಲೆ ಉರಿಯಬೇಕಲ್ಲ? ಮೊರ್ವಾನ್‌ನಲ್ಲಿ ಮರವೇನೋ ಬೇಕಾದಷ್ಟಿತ್ತು. ಸಾಗಿಸಲು ರಸ್ತೆ ಇರಲಿಲ್ಲ. ಹಾಗಾಗಿ ಹೊಳೆಯಲ್ಲೇ ತೇಲಿಬಿಟ್ಟರು.

ಕೆಲಸ ನಡೆಯುತ್ತಿದ್ದ ರೀತಿ ಸ್ವಾರಸ್ಯವಾಗಿದೆ. ಸೌದೆಯನ್ನು ಒಂದು ಮೀಟರ್‌ಗಿಂತ ತುಸು ಉದ್ದಕ್ಕೆ ಕಡಿದು, ಎರಡೂ ತುದಿಗೆ ಮಾಲೀಕನ ಗುರುತನ್ನು ಸುತ್ತಿಗೆಯಿಂದ ಒತ್ತುತ್ತಿದ್ದರು. ಮೇಲಿನ ಕೆರೆಗಳಲ್ಲಿ ನೀರು ಕಟ್ಟಿಟ್ಟು, ದಿನ ನೋಡಿ ತೂಬು ತೆಗೆಯುತ್ತಿದ್ದರು. ಸಣ್ಣ ತೊರೆಗಳಿಗೂ ಆಗ ಪ್ರವಾಹ ಬರುತ್ತಿತ್ತು. ಆ ನೀರಿಗೆ ಸೌದೆ ಎಸೆದರೆ ಯೋನ್ ನದಿಗೆ ಬಂದು ಸೇರುತ್ತಿತ್ತು. ಕ್ಲಾಮ್ಸಿಯಲ್ಲಿ ಅಡ್ಡಕಟ್ಟೆ ಹಾಕಿ ಎಲ್ಲವನ್ನೂ ಹಿಡಿದು, ಗುರುತು ನೋಡಿ ರಾಶಿ ಬೇರೆ ಮಾಡಿ, ಸುಮಾರು 70 ಮೀಟರ್ ಉದ್ದದ ತೆಪ್ಪ ಕಟ್ಟಿ ಪ್ಯಾರಿಸ್‌ಗೆ ಬಿಡುತ್ತಿದ್ದರು. ತೆಪ್ಪ ನಡೆಸಿಕೊಂಡು ಹೋದವನು ಊರಿಗೆ ಹಿಂದಿರುಗುತ್ತಿದ್ದದ್ದು ಕಾಲ್ನಡಿಗೆಯಲ್ಲೇ. ನಾವು ಶೋಕಿಗೆ ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುತ್ತಿದ್ದ ಕಣಿವೆಯಲ್ಲಿ ಅವನು ಹೊಟ್ಟೆಪಾಡಿಗೆ ನಡೆದಿದ್ದ.

ಕಾಲುವೆ ಹುಟ್ಟಿದ್ದೂ ಇದೇ ಸೌದೆಯಿಂದ. ಗುಡ್ಡದ ಆಚೆ ಬದಿಯ ಮರವನ್ನು ಈಚೆಗೆ ತರಲು 1784ರಲ್ಲಿ ಅಗೆತ ಶುರುವಾಯಿತು. ಕ್ರಾಂತಿ ಬಂತು, ಯುದ್ಧ ಬಂತು, ದುಡ್ಡು ಮುಗಿಯಿತು. ಪೂರ್ತಿಯಾಗಿ ತೆರೆದುಕೊಂಡದ್ದು 1840ರ ದಶಕದಲ್ಲಿ. ಅಷ್ಟು ಹೊತ್ತಿಗೆ ಜನ ಕಲ್ಲಿದ್ದಲಿಗೆ ಹೊರಳುತ್ತಿದ್ದರು. ಸರ್ಕಾರಿ ಕೆಲಸ ಎಲ್ಲಾ ಕಡೆಯೂ ಹೀಗೇ ಅನ್ನಿಸುತ್ತದೆ, ಅಲ್ವಾ?

ಕ್ಲಾಮ್ಸಿ ಬಿಟ್ಟ ಮೇಲೆ ಬ್ರೆವ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿನ ಸ್ಮಶಾನದಲ್ಲಿ ರೊಮೇನ್ ರೋಲಾ ಅವರ ಸಮಾಧಿ ಇದೆ. ಗಾಂಧಿ, ರಾಮಕೃಷ್ಣ ಪರಮಹಂಸ, ವಿವೇಕಾನಂದರ ಬಗ್ಗೆ ಬರೆದು ಯುರೋಪಿಗೆ ಪರಿಚಯಿಸಿದವರು, 1915ರ ನೊಬೆಲ್ ಪಡೆದವರು. ಹುಟ್ಟಿದ್ದು 1866ರಲ್ಲಿ ಇದೇ ಕ್ಲಾಮ್ಸಿಯಲ್ಲಿ. ಸ್ಮಶಾನಕ್ಕೆ ಹೋಗಲು ನಮಗೆ ಇನ್ನೊಂದು ಕಾರಣವೂ ಇತ್ತು: ನೀರು. ಫ್ರಾನ್ಸಿನ ಹಳ್ಳಿಗಳಲ್ಲಿ ಅಂಗಡಿ, ಹೋಟೆಲು ಇಲ್ಲದಿದ್ದರೂ ಸ್ಮಶಾನದಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ, ಸಮಾಧಿ ಮೇಲಿನ ಹೂಗಿಡಗಳಿಗೆ ಹಾಕಲಿಕ್ಕೆ. ಕುಡಿಯಬಾರದು ಅನ್ನುವ ಬೋರ್ಡು ಇಲ್ಲದಿದ್ದರೆ ನಡೆಯುವವರೆಲ್ಲ ಅಲ್ಲೇ ಬಾಟಲಿ ತುಂಬಿಕೊಳ್ಳುತ್ತಾರೆ. "ಸಮಾಧಿ ನೋಡಿದ ಹಾಗೂ ಆಯ್ತು, ನೀರು ಹಿಡಿದ ಹಾಗೂ ಆಯ್ತು ಬಿಡ್ರೀ" ಅಂದಳು ನನ್ನವಳು.

ನಿಜ ಹೇಳಬೇಕೆಂದರೆ, ಅಲ್ಲಿಂದ ಮುಂದಿನ ದಾರಿ ಬೇಸರ ತರಿಸುತ್ತದೆ. ಹಿಂದೆ ಕುದುರೆಗಳು ದೋಣಿ ಎಳೆದುಕೊಂಡು ಹೋಗುತ್ತಿದ್ದ ಏರಿ ಅದು. ಒಂದೇ ಮಟ್ಟ. ಒಂದು ಕಡೆ ನೀರು, ಇನ್ನೊಂದು ಕಡೆ ಬೇಲಿಯೊಳಗೆ ಬಿಳಿ ಶಾರೊಲೆ ದನಗಳು. ಸೈಕಲ್ಲಿನವರು ಗಂಟೆ ಬಾರಿಸುತ್ತಾ ಹೋಗುತ್ತಾರೆ. ಮಧ್ಯಾಹ್ನಕ್ಕೆ ಹಳ್ಳಿಯ ಅಂಗಡಿಗಳೂ ಬಾಗಿಲು ಹಾಕುತ್ತವೆ. ನಾವು ಮಾಂಸ ತಿನ್ನುವವರಲ್ಲ. ಹಾಗಾಗಿ ಬ್ರೆಡ್ಡು, ಮೇಕೆ ಹಾಲಿನ ಚೀಸು, ಟೊಮೆಟೊ. ಜೊತೆಗೆ ಮನೆಯಿಂದ ಒಯ್ದಿದ್ದ ಚಟ್ನಿಪುಡಿ. ಮೇಕೆ ಚೀಸಿಗೂ ಚಟ್ನಿಪುಡಿಗೂ ಇಷ್ಟು ಚೆನ್ನಾಗಿ ಹೊಂದುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಸಾರ್ದಿ ಹಳ್ಳಿ ಬಂದಾಗ ದಾರಿಯ ಸ್ವಭಾವವೇ ಬದಲಾಯಿತು. ಇಲ್ಲಿ ಕಾಲುವೆ ಗುಡ್ಡ ಹತ್ತಬೇಕು. ನೀರಿನ ಮೇಲೆ ದೋಣಿ ಗುಡ್ಡ ಹತ್ತುವುದು ಹೇಗೆ? ಮೆಟ್ಟಿಲು ಮಾಡಿದ್ದಾರೆ. ಮೂರ್ನಾಲ್ಕು ಕಿಲೋಮೀಟರಿನೊಳಗೆ 16 ಲಾಕ್‌ಗಳು. ಲಾಕ್ ಅಂದರೆ ಹಿಂದೆ ಮುಂದೆ ಬಾಗಿಲಿರುವ ಕಲ್ಲಿನ ತೊಟ್ಟಿ. ನಾವು ಒಂದರ ಪಕ್ಕ ಕೂತು ಪೂರ್ತಿ ನೋಡಿದೆವು. ಬಾಡಿಗೆ ದೋಣಿಯೊಂದು ಒಳಗೆ ಬಂತು. ಅಂಚಿಗೂ ಗೋಡೆಗೂ ಒಂದು ಗೇಣು ಜಾಗ. ರಜೆಗೆ ಕೆಲಸಕ್ಕೆ ಬಂದಿದ್ದ ಕಾಲೇಜು ಹುಡುಗಿ ಹಿಂದಿನ ಬಾಗಿಲನ್ನು ಬೆನ್ನು ಕೊಟ್ಟು ತಳ್ಳಿ ಮುಚ್ಚಿದಳು. ಆಮೇಲೆ ಮುಂದಿನ ಬಾಗಿಲಿನ ಹಲ್ಲುಚಕ್ರಕ್ಕೆ ಕಬ್ಬಿಣದ ಹಿಡಿ ಸಿಕ್ಕಿಸಿ ತಿರುಗಿಸಿದಳು. ಬಾಗಿಲ ಬುಡದ ಸಣ್ಣ ತೂಬು ಎದ್ದು ನೀರು ಭುಸುಗುಟ್ಟಿತು. ಪಾಚಿ ಹಿಡಿದ ಗೋಡೆ ಸ್ವಲ್ಪ ಸ್ವಲ್ಪವೇ ಮುಳುಗಿತು. ಆಳದಲ್ಲಿದ್ದ ದೋಣಿಯವರ ಟೋಪಿ ಕಂಡಿತು, ಮುಖ ಕಂಡಿತು, ಕೊನೆಗೆ ಅವರ ಟೇಬಲ್ಲಿನ ಮೇಲಿದ್ದ ಕಾಫಿ ಲೋಟವೂ ಕಂಡಿತು. ಮೋಟಾರಿಲ್ಲ, ಕರೆಂಟಿಲ್ಲ. ಹುಡುಗಿ ಬಾಗಿಲು ತೆಗೆದು, ಮೊಪೆಡ್ ಹತ್ತಿ, ಅದೇ ದೋಣಿಗೆ ಮುಂದಿನ ಲಾಕ್ ತೆಗೆಯಲು ಹೋದಳು. ಊಟದ ಹೊತ್ತಿಗೆ ಮಾತ್ರ ಎಲ್ಲ ನಿಲ್ಲುತ್ತದೆ. ದೋಣಿಯವರು ಕಾಯಲೇಬೇಕು.

ದೊಡ್ಡ ಸರಕು ದೋಣಿಗಳು ಈ ಮಧ್ಯದ ಭಾಗಕ್ಕೆ ಬರುವುದಿಲ್ಲ. 1879ರಲ್ಲಿ ಫ್ರಾನ್ಸ್ ತನ್ನ ಮುಖ್ಯ ಕಾಲುವೆಗಳ ಲಾಕ್‌ಗಳಿಗೆಲ್ಲ ಒಂದು ಅಳತೆ ಗೊತ್ತು ಮಾಡಿತು, ಸುಮಾರು 39 ಮೀಟರ್ ಉದ್ದ. ಇಲ್ಲಿಯ ಲಾಕ್‌ಗಳು ಸುಮಾರು 30 ಮೀಟರಿನಲ್ಲೇ ಉಳಿದವು. ವ್ಯಾಪಾರ ಸತ್ತಿತು. ಆ ಬಡತನದಿಂದಲೇ ಕೈಯಲ್ಲಿ ತಿರುಗಿಸುವ ಬಾಗಿಲೂ, ಕಾವಲುಗಾರರ ಪುಟ್ಟ ಮನೆಗಳೂ ಉಳಿದುಕೊಂಡಿವೆ.

ಮೆಟ್ಟಿಲು ಮುಗಿದ ಮೇಲೆ ಕೊಲಾನ್ಸೆಲ್ ಸುರಂಗಗಳು. ಒಟ್ಟು ಮೂರು, ದೊಡ್ಡದು 758 ಮೀಟರ್. ನಡೆಯುವವರು ಮೇಲಿನ ಕಾಡಿನೊಳಗೆ ಹತ್ತಿ ಇಳಿಯಬೇಕು. ಸುರಂಗಗಳ ನಡುವೆ ಕಾಲುವೆ ಆಳವಾದ ಕಂದಕದಲ್ಲಿ ಹೋಗುತ್ತದೆ. ಬಂಡೆ ಮೇಲೆಲ್ಲ ಜರಿಗಿಡ, ಪಾಚಿ, ತೊಟ್ಟಿಕ್ಕುವ ನೀರು. ಜೂನ್ ಬಿಸಿಲಿನಲ್ಲೂ ಅಲ್ಲಿ ಇಣುಕಿದರೆ ಮೈಗೆ ತಂಪು ಹೊಡೆಯುತ್ತದೆ. ಇಡೀ ಕಾಲುವೆಯಲ್ಲಿ ಒಂದೇ ಜಾಗ ನೋಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಸುರಂಗದ ಆಚೆ ಕೆರೆಗಳು. ವೋ ಎಂಬ ದೊಡ್ಡ ಕೆರೆ, ಏರಿಯೊಂದರ ಈಚೆಗೆ ಇನ್ನೊಂದು. ಕಾಲುವೆಯ ಅತಿ ಎತ್ತರದ ಭಾಗ ಇದು. ದೋಣಿ ಯಾವ ಕಡೆ ಇಳಿದರೂ ನೀರು ಇಲ್ಲಿಂದಲೇ ಹೋಗಬೇಕು. ಏರಿ ಮೇಲೆ ಗಾಳ ಹಾಕಿ ಕೂತಿದ್ದ ಅಜ್ಜನಿಗೆ "ಬೋಂಜೂರ್" ಅಂದೆವು. ಇದನ್ನು ಹೇಳದೆ ಮುಂದೆ ಹೋದರೆ ಹಳ್ಳಿಯವರು ಬೇಜಾರು ಮಾಡಿಕೊಳ್ಳುತ್ತಾರೆ. ನನ್ನ ಹರಕುಮುರುಕು ಫ್ರೆಂಚ್‌ನಲ್ಲಿ, ನೀರು ಯಾಕೆ ಇಳಿದಿದೆ ಅಂತ ಕೇಳಿದೆ. "ಪ್ಯಾರಿಸ್‌ನವರನ್ನು ಕೇಳಿ" ಅಂದು ನಕ್ಕ.

ಆ ಮಾತು ಪೂರ್ತಿ ತಮಾಷೆಯಲ್ಲ ಅಂತ ಆಮೇಲೆ ತಿಳಿಯಿತು. ಕಾಲುವೆಯ ಈ ಎತ್ತರದ ಭಾಗಕ್ಕೆ ಯೋನ್ ನದಿಯಿಂದ ನೀರು ತರುವ ಇನ್ನೊಂದು ಪುಟ್ಟ ನಾಲೆ ಇದೆ, ಸುಮಾರು 25 ಕಿಲೋಮೀಟರ್ ಉದ್ದ. ನಾವು ಅದರ ಪಕ್ಕದಲ್ಲೇ ಹೊರಟೆವು. ನಡೆಯಲು ಇದರಷ್ಟು ಹಿತವಾದ ದಾರಿ ಇಲ್ಲ. ಓಕ್, ಹಾರ್ನ್‌ಬೀಮ್ ಮರಗಳ ನೆರಳು, ಒಬ್ಬರ ಹಿಂದೊಬ್ಬರು ಹೋಗುವಷ್ಟು ಕಾಲುದಾರಿ, ಪಕ್ಕದಲ್ಲಿ ಕುಪ್ಪಳಿಸಿ ದಾಟಬಹುದು ಅನ್ನಿಸುವ ನೀರು. ಗುಡ್ಡದ ಮೈಯನ್ನೇ ಬಳಸಿ ಬಳಸಿ ಹೋಗುವುದರಿಂದ ಏರು ಗೊತ್ತೇ ಆಗುವುದಿಲ್ಲ. ಮೊಂತ್ರೂಯೋನ್ ಬಳಿ ಮಾತ್ರ ನಾಲೆಗೆ ಬಳಸಲು ಜಾಗವಿಲ್ಲ. ಅಲ್ಲಿ 33 ಮೀಟರ್ ಎತ್ತರದ ಕಮಾನು ಸೇತುವೆ ಮೇಲೆ ಅದು ಕಣಿವೆ ದಾಟುತ್ತದೆ. ಕೆಳಗೆ ಹರಿಯುವುದು ಅದೇ ಯೋನ್.

ನಾಲೆ ಹಿಡಿದು ಮೇಲೆ ಹೋದರೆ ಪಾನೆಸಿಯೇರ್ ಅಣೆಕಟ್ಟು. 1949ರಲ್ಲಿ ಮುಗಿದದ್ದು, ಸುಮಾರು 8 ಕೋಟಿ ಘನ ಮೀಟರ್ ನೀರು ಹಿಡಿಯುತ್ತದೆ. ಚಳಿಗಾಲದಲ್ಲಿ ಪ್ಯಾರಿಸ್‌ಗೆ ಪ್ರವಾಹ ಬರದಂತೆ ನೀರು ತಡೆಯುವುದು, ಬೇಸಿಗೆಯಲ್ಲಿ, ಯೋನ್ ಹೋಗಿ ಸೇರುವ ಪ್ಯಾರಿಸ್‌ನ ಸೇನ್ ನದಿ ಸೊರಗದಂತೆ ಬಿಡುವುದು ಇದರ ಕೆಲಸ. ಸೌದೆ ತೇಲಿಸುವುದು ನಿಂತು ಹೋದರೂ, ತೂಬು ತೆಗೆಯುವ ಹೊತ್ತನ್ನು ಮೊರ್ವಾನ್ ಈಗಲೂ ಪ್ಯಾರಿಸ್ ನೋಡಿಯೇ ಗೊತ್ತು ಮಾಡುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಮೇ, ಜೂನ್ ಒಳ್ಳೆಯ ಸಮಯ. ಕತ್ತಲಾಗುವುದು ರಾತ್ರಿ ಹತ್ತರ ಹೊತ್ತಿಗೆ. ಶರತ್ಕಾಲದಲ್ಲಿ ಕಾಡಿನ ಬಣ್ಣ ಚೆಂದ ಅಂತಾರೆ, ಆದರೆ ಅದು ಬೇಟೆಯ ಕಾಲ. ಬೇಟೆ ನಡೆಯುತ್ತಿದೆ ಅನ್ನುವ ಬೋರ್ಡು ಕಂಡರೆ ಸುಮ್ನೆ ವಾಪಸ್ ಬನ್ನಿ. ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆ ಹುಳುವಿನ ಕಾಟ ಜಾಸ್ತಿ. ಉದ್ದ ಪ್ಯಾಂಟು ಹಾಕಿ, ಸಂಜೆ ಮೊಣಕಾಲಿನ ಹಿಂಭಾಗ ನೋಡಿಕೊಳ್ಳಿ. ಬೇಕರಿಗಳು ಬಹಳ ಕಡೆ ಸೋಮವಾರ ಮುಚ್ಚಿರುತ್ತವೆ, ಭಾನುವಾರವೇ ಬ್ರೆಡ್ಡು ಕಟ್ಟಿಸಿಕೊಳ್ಳಿ. ಚಟ್ನಿಪುಡಿ ಅಂತೂ ಮರೆಯಬೇಡಿ.