ಒತ್ತು ಅಂದ್ರೆ ಯಾವ ಒತ್ತು?

ಹೋದ ಬೇಸಿಗೆ ರಜೆಯಲ್ಲಿ ತಿಪಟೂರಿಗೆ ದೊಡ್ಡಪ್ಪನ ಮನೆಗೆ ಹೋಗಿದ್ದೆ. ದೊಡ್ಡಪ್ಪ ಕನ್ನಡ ಮೇಷ್ಟ್ರಾಗಿ ರಿಟೈರ್ ಆದವರು. ಕೆಂಪಮ್ಮನ ಜಾತ್ರೆ ಬಗ್ಗೆ ಹಳಬರ ಬಾಯಿಂದ ಕೇಳಿದ್ದನ್ನೆಲ್ಲ ಮೂರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಅದನ್ನು ತಾವೇ ಟೈಪ್ ಮಾಡಬೇಕು ಅನ್ನೋದು ಅವರ ಆಸೆ. ನಾನು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವಳು. ನನ್ನ ಹಳೇ ಸಿಸ್ಟಮ್ ಒಂದನ್ನು ಅವರಿಗೆ ಅಂತಲೇ ಒಯ್ದಿದ್ದೆ.

ಆನ್ ಮಾಡಿದ ಕೂಡಲೇ ಕಪ್ಪು ಪರದೆ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ದೊಡ್ಡಪ್ಪ ಕನ್ನಡಕ ಸರಿ ಮಾಡಿಕೊಂಡು ಓದಿದರು. 'ಕೀಬೋರ್ಡ್ ಸಿಕ್ಕಿಲ್ಲ. ಮುಂದುವರಿಯಲು ಎಫ್1 ಒತ್ತಿ.' ಆಮೇಲೆ ನನ್ನ ಕಡೆ ತಿರುಗಿದರು.

"ಅಲ್ಲ ಮಗಾ, ಕೀಬೋರ್ಡೇ ಇಲ್ಲ ಅಂತ ಅದೇ ಹೇಳ್ತಿದೆ. ಎಫ್1 ಯಾವುದ್ರಲ್ಲಿ ಒತ್ತಲಿ? ಪಕ್ಕದ ಮನೆಯೋರ ಹತ್ರ ಕೇಳಿ ತರ್ಲಾ?"

ದೊಡ್ಡಮ್ಮ ಅಡುಗೆಮನೆಯಿಂದಲೇ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಎಷ್ಟೋ ಸಲ ನೋಡಿದ ಸಾಲು ಅದು. ಅದರಲ್ಲಿ ಇಷ್ಟು ದೊಡ್ಡ ತಪ್ಪಿದೆ ಅಂತ ಅವತ್ತೇ ಕಂಡಿದ್ದು. ಸಿಸ್ಟಮ್ ಆಫ್ ಮಾಡಿ ಹಿಂದೆ ನೋಡಿದೆ. ಬಸ್ಸಿನಲ್ಲಿ ತರುವಾಗ ಕೀಬೋರ್ಡಿನ ನೇರಳೆ ಬಣ್ಣದ ದುಂಡು ಪಿನ್ ಸಡಿಲವಾಗಿತ್ತು. ಸಿಕ್ಕಿಸಿದೆ, ಸರಿಹೋಯ್ತು. 'ಕೀಬೋರ್ಡ್ ಸಿಕ್ಕಿಸಿ, ಆಮೇಲೆ ಎಫ್1 ಒತ್ತಿ' ಅಂತ ಇದ್ದಿದ್ದರೆ ದೊಡ್ಡಪ್ಪನೇ ಸರಿಮಾಡಿಕೊಳ್ಳುತ್ತಿದ್ದರು.

ಎರಡನೇದು ಪೆನ್‌ಡ್ರೈವ್ ವಿಷಯ. ಟೈಪ್ ಮಾಡಿದ್ದೆಲ್ಲ ಅದಕ್ಕೆ ಕಾಪಿ ಆಗಲಿ ಅಂತ ಬ್ಯಾಚ್ ಫೈಲ್ ಅಂತಾರಲ್ಲ, ತೆರೆದರೆ ತಾನೇ ಕೆಲಸ ಮಾಡುವ ಒಂದು ಪುಟ್ಟ ಪ್ರೋಗ್ರಾಮ್, ಅದನ್ನು ಮಾಡಿಕೊಟ್ಟಿದ್ದೆ. ಕೆಲಸ ಮುಗಿದ ಮೇಲೆ ಅದು 'ಮುಂದುವರಿಯಲು ಯಾವುದಾದರೂ ಕೀ ಒತ್ತಿ' ಅಂತ ಇಂಗ್ಲಿಷಿನಲ್ಲಿ ಕೇಳುತ್ತದೆ. ದೊಡ್ಡಪ್ಪ ಯೋಚನೆ ಮಾಡಿ ಶಿಫ್ಟ್ ಒತ್ತಿದರು. ಏನೂ ಆಗಲಿಲ್ಲ. ಕಂಟ್ರೋಲ್ ಒತ್ತಿದರು, ಆಲ್ಟ್ ಒತ್ತಿದರು. ಪರದೆ ಹಾಗೇ ನಿಂತಿತ್ತು.

"ಅಕ್ಷರ ಒತ್ತಿದ್ರೆ ಏನಾದ್ರೂ ಅಳಿಸಿಹೋದ್ರೆ ಕಷ್ಟ. ಅದಕ್ಕೇ ಅಕ್ಷರ ಇಲ್ಲದ ಕೀ ಹುಡುಕಿ ಒತ್ತಿದೆ," ಅಂದರು. "ಯಾವುದಾದರೂ ಅಂದ್ಮೇಲೆ ಯಾವುದಾದರೂ ಆಗಬೇಕು, ಅಲ್ವಾ?"

ಆಗಬೇಕು. ಆದರೆ ಆಗಲ್ಲ. ಶಿಫ್ಟ್, ಕಂಟ್ರೋಲ್, ಆಲ್ಟ್ ಈ ಮೂರೂ ಸಾಮಾನ್ಯವಾಗಿ ಬೇರೆ ಕೀ ಜೊತೆ ಸೇರಿ ಕೆಲಸ ಮಾಡುತ್ತವೆ, ಒಂಟಿಯಾಗಿ ಒತ್ತಿದರೆ ಆ ಪ್ರೋಗ್ರಾಮ್ ಲೆಕ್ಕಕ್ಕೇ ತಗೊಳ್ಳಲ್ಲ. ಈ ಸಾಲಿನಿಂದ ಎಷ್ಟು ಜನ ತಬ್ಬಿಬ್ಬಾಗಿದ್ದಾರೆ ಅಂದರೆ, ಕಾಂಪ್ಯಾಕ್ ಅನ್ನೋ ಕಂಪ್ಯೂಟರ್ ಕಂಪನಿ ತನ್ನ ಪ್ರಶ್ನೋತ್ತರದಲ್ಲಿ 'ಎನಿ ಕೀ (ಯಾವುದಾದರೂ ಕೀ) ಎಲ್ಲಿದೆ' ಅನ್ನೋ ಪ್ರಶ್ನೆಯನ್ನೇ ಹಾಕಿಕೊಂಡಿತ್ತು. ಜನ ಕೇಳಿದ್ದರಲ್ಲಿ ತಪ್ಪೇನಿದೆ ಹೇಳಿ? ಇರುವ ಮಾತನ್ನು ಇರುವ ಹಾಗೇ ಓದಿದರು, ಅಷ್ಟೇ.

ಮಜಾ ಬಂದಿದ್ದು ಮಧ್ಯಾಹ್ನ, ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಲು ಕೂತಾಗ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ನುಡಿಗೂ ಆಧಾರ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. "ಓಹೋ, ಶಿಫ್ಟ್ ಅಂದ್ರೆ ಮಹಾಪ್ರಾಣ!" ಅಂತ ದೊಡ್ಡಪ್ಪ ಥಟ್ಟನೆ ಹಿಡಿದರು. ಇಂಗ್ಲಿಷಿನ ಹಾಗೆ ನಮ್ಮ ಅಕ್ಷರದಲ್ಲಿ ಚಿಕ್ಕದು ದೊಡ್ಡದು ಅಂತ ಇಲ್ಲ ನೋಡಿ, ಶಿಫ್ಟಿಗೆ ಎಂಥ ಒಳ್ಳೆ ಕೆಲಸ ಹುಡುಕಿದ್ದಾರೆ!

ಒತ್ತಕ್ಷರಕ್ಕೆ ಮಾತ್ರ ಗಾಡಿ ನಿಂತಿತು. ಶಾಲೆಯ ಮಕ್ಕಳಿಗೆ ಬರೆದಿದ್ದ ಹಾಳೆಯನ್ನೇ ಅವರ ಕೈಗೆ ಕೊಟ್ಟಿದ್ದೆ. ಅದರಲ್ಲಿ ಹೀಗಿತ್ತು: 'ತ್ರ ಬರಬೇಕಾದರೆ: ತ ಒತ್ತು, ಎಫ್ ಒತ್ತು, ರ ಒತ್ತು.'

ಹತ್ತು ನಿಮಿಷ ಆದರೂ ಸದ್ದಿಲ್ಲ. ಹೋಗಿ ನೋಡಿದರೆ ದೊಡ್ಡಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ಕೂತಿದ್ದಾರೆ.

"ತ ಒತ್ತು ಗೊತ್ತು, 'ಅತ್ತೆ'ಯಲ್ಲಿ ಬರುತ್ತೆ. ರ ಒತ್ತು ಗೊತ್ತು, 'ಜಾತ್ರೆ'ಯಲ್ಲಿದೆ. ಮೂವತ್ತು ವರ್ಷ ಪಾಠ ಮಾಡಿದೀನಿ ಮಗಾ, ಈ ಎಫ್ ಒತ್ತು ಯಾವುದು?"

ನಾನು ಅಲ್ಲೇ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ದೊಡ್ಡಪ್ಪನೂ ನಕ್ಕರು, ಆದರೆ ಹಾಳೆ ಬಿಡಲಿಲ್ಲ. ಅವರು ಓದಿದ್ದು ಅಪ್ಪಟ ಸರಿ. ಕನ್ನಡ ಮೇಷ್ಟ್ರಿಗೆ ಒತ್ತು ಅಂದರೆ ಮೊದಲು ಅಕ್ಷರದ ಕೆಳಗಿನ ಒತ್ತೇ ಕಣ್ಣಿಗೆ ಬರುವುದು, ಬೆರಳಲ್ಲಿ ಒತ್ತುವುದು ಆಮೇಲೆ.

ನಾನು ತೋರಿಸಿದೆ. ಜೆ, ಶಿಫ್ಟ್ ಹಿಡಿದು ಇಂಗ್ಲಿಷಿನ ಎ (A). ಜಾ ಬಂತು. ಟಿ ಒತ್ತಿದಾಗ ತ. ಎಫ್ ಒತ್ತಿದಾಗ ತ ಅರ್ಧ ಆಯ್ತು. ಆರ್ ಒತ್ತಿದರು, ರ ಹೋಗಿ ತ ಅಡಿಗೆ ಸೇರಿತು. ಕೊನೆಗೆ ಇಂಗ್ಲಿಷಿನ ಇ (E). 'ಜಾತ್ರೆ' ಆಯ್ತು. ದೊಡ್ಡಪ್ಪ ಆ ಪದವನ್ನು ಸುಮ್ನೆ ನೋಡುತ್ತಾ ಕೂತರು. ಆಮೇಲೆ ಅದನ್ನೇ ಮತ್ತೆ ಮತ್ತೆ ಟೈಪ್ ಮಾಡಿದರು. ಪರದೆ ತುಂಬಾ ಜಾತ್ರೆ.

ಸಂಜೆ ನಾನು ಹೊರಡುವಾಗ ಕೆಂಪು ಪೆನ್ನು ತಗೊಂಡು ನನ್ನ ಹಾಳೆ ತಿದ್ದಿಕೊಟ್ಟರು, ಮಕ್ಕಳ ಕಾಪಿ ತಿದ್ದುವ ಹಾಗೇ. 'ಒತ್ತು' ಇದ್ದ ಕಡೆಯೆಲ್ಲ 'ತಟ್ಟು' ಆಗಿತ್ತು. ತ ತಟ್ಟು, ಎಫ್ ತಟ್ಟು, ರ ತಟ್ಟು. ಕೆಳಗೆ ಇನ್ನೊಂದು ಸಾಲು ಸೇರಿಸಿದ್ದರು: 'ಯಾವುದಾದರೂ ಕೀ ಅಂತ ಕೇಳಿದರೆ ಉದ್ದದ ಕೀ ತಟ್ಟು.'

ಜೂನ್‌ನಲ್ಲಿ ಶಾಲೆ ಶುರುವಾದಾಗ ಆ ಹಾಳೆಯನ್ನೇ ಜೆರಾಕ್ಸ್ ಮಾಡಿಸಿ ಮಕ್ಕಳಿಗೆ ಕೊಟ್ಟೆ, ಕೆಂಪು ತಿದ್ದುಪಡಿ ಸಮೇತ.