ನೆರಳು ಎಲ್ಲಿ ಹೋಯ್ತು?

9 ಫೆಬ್ರವರಿ 2025, ಭಾನುವಾರ

ಇವತ್ತು ನಾಲ್ಕು ವರ್ಷದ ಮಗಳನ್ನು ಮೊದಲ ಸಲ ನಾನೇ ಹಾರಿಸುವ ಸಣ್ಣ ವಿಮಾನದಲ್ಲಿ ಕರೆದುಕೊಂಡು ಹೋದೆ. ನೆಲ ಬಿಟ್ಟು ಮತ್ತೆ ನೆಲ ಮುಟ್ಟಲು ಬರೀ 25 ನಿಮಿಷ. ಅದಕ್ಕೆ ತಯಾರಿ ಮಾತ್ರ ಎರಡು ವಾರದ್ದು.

ಹೋದ ಭಾನುವಾರವೇ ಹೋಗಬೇಕಿತ್ತು. ಬೆಳಿಗ್ಗೆ ಎದ್ದಾಗ ಅವಳ ಮೂಗು ಸೋರುತ್ತಿತ್ತು. ಜ್ವರ ಇರಲಿಲ್ಲ, ಆಡಿಕೊಂಡೇ ಇದ್ದಳು. ಆದರೂ ಬೇಡ ಅಂದೆ. ತುಂಬಾ ಅತ್ತಳು. ಕಿವಿಯ ಒಳಗಿನಿಂದ ಗಂಟಲಿನ ಕಡೆಗೆ ಒಂದು ಸಣ್ಣ ನಾಳ ಇದೆ, ಮಕ್ಕಳಲ್ಲಿ ಅದು ಇನ್ನೂ ಕಿರಿದು. ಮೇಲೆ ಏರುವಾಗ ಕಿವಿಯೊಳಗಿನ ಗಾಳಿ ತಾನಾಗಿಯೇ ಹೊರಗೆ ಹೋಗುತ್ತದೆ. ಇಳಿಯುವಾಗ ಹಾಗಲ್ಲ. ಉಗುಳು ನುಂಗಬೇಕು, ಇಲ್ಲವೇ ಆಕಳಿಸಬೇಕು, ಆಗಲೇ ಆ ದಾರಿ ತೆರೆದುಕೊಳ್ಳುವುದು. ನೆಗಡಿಯಿಂದ ಅದು ಕಟ್ಟಿಕೊಂಡಿದ್ದರೆ ವಿಪರೀತ ನೋವು. ಮೊದಲ ಹಾರಾಟದ ನೆನಪು ಕಿವಿನೋವಾಗಿ ಉಳಿಯಬಾರದು ಅಲ್ವಾ.

ಹೆಡ್‌ಸೆಟ್ ಅಭ್ಯಾಸ ಮಾಡಿಸಿದ್ದು ಒಳ್ಳೆಯದಾಯಿತು. ನಮ್ಮ ಸೆಸ್ನಾ 172 ವಿಮಾನದ ಒಳಗೆ ಸದ್ದು ಜೋರು, ಮಕ್ಕಳ ಕಿವಿಗೆ ರಕ್ಷಣೆ ಬೇಕೇ ಬೇಕು. ಅವಳ ಅಳತೆಯ ಹೆಡ್‌ಸೆಟ್ ತಂದು ದಿನಾ ಸ್ವಲ್ಪ ಹೊತ್ತು ಮನೆಯಲ್ಲೇ ಹಾಕಿಸುತ್ತಿದ್ದೆ. ಜೊತೆಗೆ ಒಂದು ನಿಯಮ: ಅಪ್ಪ ಕೈ ಎತ್ತಿದರೆ ಯಾರೂ ಮಾತಾಡಬಾರದು. ಏರುವಾಗ, ಇಳಿಯುವಾಗ ನನ್ನ ಗಮನ ಪೂರ್ತಿ ವಿಮಾನದ ಮೇಲೇ ಇರಬೇಕು.

ಬಿಸಿಲೇರಿದ ಮೇಲೆ ನೆಲ ಕಾದು ಗಾಳಿ ಮೇಲೇಳುತ್ತದೆ, ಕುಲುಕಾಟ ಜಾಸ್ತಿ. ಅದಕ್ಕೇ ಬೆಳಿಗ್ಗೆಯೇ ಹೊರಟೆವು. ಹಿಂದಿನ ಎಡ ಸೀಟಿಗೆ ಅವಳ ಕಾರಿನ ಸೀಟನ್ನೇ ಬಿಗಿದು ಕೂರಿಸಿದೆ, ಪಕ್ಕದಲ್ಲಿ ಅವಳ ಅಮ್ಮ. ಎಂಜಿನ್ ನಿಂತಿದ್ದರೂ ಪ್ರೊಪೆಲ್ಲರ್ ಹತ್ತಿರ ಹೋಗಬಾರದು ಅಂತ ಹೇಳಿಕೊಟ್ಟಿದ್ದೆ. ಹೇಳಿದ್ದೇನೆ ಅಂತ ಕೈ ಮಾತ್ರ ಬಿಡಲಿಲ್ಲ.

ನೆಲ ಬಿಟ್ಟ ಮೇಲೆ ಕೆರೆ ತೋರಿಸಬೇಕು, ರೈಲು ಹಳಿ ತೋರಿಸಬೇಕು ಅಂತ ನನಗೆ ಆಸೆ. ಅವಳು ನೋಡಿದ್ದು ನಮ್ಮ ನೆರಳನ್ನು. ಸೆಸ್ನಾದ ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ. ಹೊಲದ ಮೇಲೆ ನಮ್ಮ ಜೊತೆಗೇ ಓಡುತ್ತಿದ್ದ ನೆರಳು ಏರಿದಂತೆಲ್ಲ ಚಿಕ್ಕದಾಗಿ, ಮಸುಕಾಗಿ, ಕೊನೆಗೆ ಕಾಣದೇ ಹೋಯಿತು. ನಾನು ಕೈ ಇಳಿಸಿದ ಕೂಡಲೇ ಹೆಡ್‌ಸೆಟ್‌ನಲ್ಲಿ ಅವಳ ದನಿ: "ಅಪ್ಪಾ, ನೆರಳು ಎಲ್ಲಿ ಹೋಯ್ತು?"

ನಾವು ಎತ್ತರಕ್ಕೆ ಬಂದೆವಲ್ಲ ಪುಟ್ಟಿ, ಇಳಿಯುವಾಗ ಮತ್ತೆ ಬರುತ್ತದೆ ಅಂದೆ. 3000 ಅಡಿಯಲ್ಲಿ ಒಂದು ಸುತ್ತು ಹಾಕಿದೆವು. ಅಷ್ಟರಲ್ಲಿ ಅವಳು ಸೀಟಿನಲ್ಲಿ ಮಿಸುಕಾಡತೊಡಗಿದಳು. ಇನ್ನೂ ಹಾರುವ ಆಸೆ ನನಗಿತ್ತು, ಆದರೆ ಇದು ಅವಳ ಹಾರಾಟ. ತಿರುಗಿಸಿದೆ.

ನಿಮಿಷಕ್ಕೆ 500 ಅಡಿ ಇಳಿಯುವುದು ನನ್ನ ಅಭ್ಯಾಸ. ಇವತ್ತು 300 ಅಡಿಯಂತೆ ನಿಧಾನವಾಗಿ ಇಳಿಸಿದೆ. ಅವಳ ಅಮ್ಮ ಗುಟುಕು ಗುಟುಕಾಗಿ ನೀರು ಕುಡಿಸುತ್ತಿದ್ದಳು. "ಕಿವಿ ಟಪ್ ಅಂತು" ಅಂದಳು ಮಗಳು. ನೋವಿಲ್ಲ. ನನ್ನ ಭುಜ ಹಗುರಾಯಿತು.

ರನ್‌ವೇ ಎದುರಾದಾಗ ಕೈ ಎತ್ತಿದೆ. ಹಿಂದಿನಿಂದ ಒಂದು ಸದ್ದೂ ಇಲ್ಲ. ನಿದ್ದೆ ಹೋದಳೇನೋ ಅಂದುಕೊಂಡೆ. ಚಕ್ರ ನೆಲ ಮುಟ್ಟಿತು. ಪಾರ್ಕಿಂಗ್ ಜಾಗಕ್ಕೆ ಬಂದು ಎಂಜಿನ್ ನಿಲ್ಲಿಸಿ ಹಿಂದೆ ತಿರುಗಿದೆ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ನಾನು ಕೈ ಇಳಿಸುವುದನ್ನೇ ಮರೆತಿದ್ದೆ. ಈಗ ಮಾತಾಡು ಪುಟ್ಟಿ ಅಂದೆ.

"ಅಪ್ಪಾ, ನೆರಳು ಬಂತು! ನಮಗೇ ಅಂಟಿಕೊಳ್ತು!"