ದಾರಿಗಿಂತ ಹಳಬರು

ಏಪ್ರಿಲ್ ರಜೆಯಲ್ಲಿ ತೀರ್ಥಹಳ್ಳಿಯ ಬಳಿಯ ನಮ್ಮ ಊರಿಗೆ ಹೋಗಿದ್ದಾಗ ಒಂಬತ್ತು ವರ್ಷದ ಮಗಳು ತನ್ನ ಅಜ್ಜನಿಗೆ ಒಂದು ಪ್ರಶ್ನೆ ಕೇಳಿದಳು. ಅವಳು ಅದನ್ನು ಆಗಲೇ ಮರೆತಿದ್ದಾಳೆ. ನಾನು ಮಾತ್ರ ಇಂಗ್ಲೆಂಡಿಗೆ ಮರಳಿ ಆರು ವಾರವಾದರೂ ಶನಿವಾರದ ಓಟದಲ್ಲಿ ಪ್ರತಿಯೊಂದು ಬೇಲಿ ದಾಟುವಾಗಲೂ ಅದನ್ನೇ ನೆನೆಯುತ್ತಿದ್ದೇನೆ.

ನಾವಿರುವುದು ಡರ್ಬಿಶೈರಿನ ಹ್ಯಾದರ್‌ಸೇಜ್ ಎಂಬ ಹಳ್ಳಿಯಲ್ಲಿ. ಕೆಳಗೆ ಡರ್ವೆಂಟ್ ನದಿ, ಮೇಲೆ ಸ್ಟಾನೇಜ್ ಎಂದು ಕರೆಯುವ ಕಡಿದಾದ ಕಲ್ಲಂಚು, ಅದರಾಚೆಗೆ ಮರಗಳಿಲ್ಲದೆ ಹರಡಿಕೊಂಡ ಮೂರ್‌ಲ್ಯಾಂಡ್. ಊರಿನವರಿಗೆ ಇದನ್ನು ವಿವರಿಸುವಾಗ ಕುದುರೆಮುಖದ ಬೋಳುಗುಡ್ಡಗಳನ್ನು ನೆನಪಿಸುತ್ತೇನಾದರೂ ಹೋಲಿಕೆ ಅರ್ಧ ದಾರಿಗೇ ನಿಲ್ಲುತ್ತದೆ. ಇಲ್ಲಿ ಹುಲ್ಲಿನ ಜೊತೆಗೆ ಮೊಣಕಾಲೆತ್ತರದ ಹೆದರ್ ಪೊದೆಯಿದೆ, ಅದರಡಿಯಲ್ಲಿ ಸಾವಿರಾರು ವರ್ಷಗಳಿಂದ ಪೂರ್ತಿ ಕೊಳೆಯದೆ ಉಳಿದ ಪಾಚಿ ಮತ್ತು ಸಸ್ಯಗಳಿಂದಾದ ಕಪ್ಪು ಪೀಟ್ ಮಣ್ಣಿದೆ, ತಪ್ಪಿ ಕಾಲಿಟ್ಟರೆ ಗದ್ದೆಯ ಕೆಸರಿನಂತೆಯೇ ಅದು ಬೂಟನ್ನು ಒಳಗೆಳೆದುಕೊಳ್ಳುತ್ತದೆ. ನನಗೆ ಪ್ರಿಯವಾದ ಸುತ್ತು ಹದಿನೇಳು ಹದಿನೆಂಟು ಕಿಲೋಮೀಟರಿನದು. ನದಿಯ ದಾಟುಗಲ್ಲುಗಳ ಮೇಲೆ ಹೆಜ್ಜೆಯಿಟ್ಟು ಆಚೆ ದಡ ಸೇರಿ, ಹೊಳೆಯ ಹರಿವಿನ ಜೊತೆಜೊತೆಗೇ ಗ್ರಿಂಡಲ್‌ಫರ್ಡ್ ಕಡೆಗೆ ಓಡಿ, ಪ್ಯಾಡ್ಲಿ ಕಣಿವೆಯ ಓಕ್ ಮರಗಳ ನಡುವೆ ಹಳ್ಳದ ಸದ್ದು ಕೇಳುತ್ತ ಏರಿ, ಬರ್ಬೇಜ್ ಬಯಲು ದಾಟಿ, 434 ಮೀಟರ್ ಎತ್ತರದ ಹಿಗರ್ ಟಾರ್ ಹತ್ತಿ, ಸ್ಟಾನೇಜಿನ ಅಂಚಿನಗುಂಟ ಸಾಗಿ ಹಳ್ಳಿಗೆ ಇಳಿಯುವುದು. ಮಳೆ ಹೆಚ್ಚಾದ ವಾರ ದಾಟುಗಲ್ಲುಗಳು ಮುಳುಗುತ್ತವೆ. ಆಗ ಲೆಡ್‌ಮಿಲ್ ಸೇತುವೆಯೇ ಗತಿ.

ಈ ಸುತ್ತಿನಲ್ಲಿ ಎಷ್ಟು ಜನರ ಹೊಲಗಳನ್ನು ತುಳಿಯುತ್ತೇನೆಂದು ಲೆಕ್ಕವಿಟ್ಟಿಲ್ಲ. ಬೇಲಿಯ ಕಂಬಕ್ಕೆ ಹಳದಿ ಬಾಣ ಹೊಡೆದಿದ್ದರೆ ಅದು ಕಾಲ್ನಡಿಗೆಯವರ ದಾರಿ, ನೀಲಿ ಬಾಣವಾದರೆ ಕುದುರೆ ಸವಾರರೂ ಸೈಕಲ್ಲಿನವರೂ ಹೋಗಬಹುದು. ಜಮೀನು ಯಾರದ್ದೇ ಆಗಿರಲಿ, ಆ ದಾರಿಯಲ್ಲಿ ಹೋಗುವ ಹಕ್ಕು ಎಲ್ಲರದು. ಬಂದ ಮೊದಲ ವರ್ಷ ಇದು ನನಗೆ ಗೊತ್ತಿತ್ತು, ಆದರೆ ಮೈಗೆ ಒಗ್ಗಿರಲಿಲ್ಲ. ಒಂದು ಬೆಳಿಗ್ಗೆ ಕುರಿಮರಿಗಳಿದ್ದ ಹೊಲದ ನಡುವೆ ಓಡುವಾಗ ಎದುರಿಗೆ ಸಿಕ್ಕ ಮುದುಕ ರೈತನಿಗೆ, ಜೊತೆಗಿದ್ದ ಮಗಳ ಕೈ ಹಿಡಿದುಕೊಂಡೇ, ನಿಮ್ಮ ಜಾಗದಲ್ಲಿ ಬಂದಿದ್ದಕ್ಕೆ ಕ್ಷಮಿಸಿ ಎಂದು ಹೇಳಿದೆ. ಆತ ನನ್ನನ್ನು ಸ್ವಲ್ಪ ವಿಚಿತ್ರವಾಗಿಯೇ ನೋಡಿ, ಈ ದಾರಿ ನನಗಿಂತ ಹಳೆಯದು, ನೀವು ಮುಚ್ಚಬೇಕಾದದ್ದು ಗೇಟನ್ನು ಮಾತ್ರ ಎಂದ. ಮಗಳಿಗೆ ಈ ಮಾತು ಬಹಳ ಹಿಡಿಸಿತು. ಆಮೇಲೆ ಯಾವ ಹೊಲ ಹೊಕ್ಕರೂ ಗೇಟು ಮುಚ್ಚುವ ಕೆಲಸ ತನ್ನದೇ ಎಂದು ವಹಿಸಿಕೊಂಡಳು.

ಇಂಥದ್ದನ್ನು ಬರೆಯುವಾಗ ಹೊರನಾಡಿನವರಿಗೆ ಅಂಟಿಕೊಳ್ಳುವ ಒಂದು ರೋಗವಿದೆ, ಇಲ್ಲಿಯದೆಲ್ಲ ಚಿನ್ನ ಎಂದು ತೋರಿಸುವುದು. ಸ್ಟಾನೇಜಿನ ಮೇಲೆ ಓಡುವಾಗ ಬಂಡೆಗಳಲ್ಲಿ ಕೊರೆದ ಸಣ್ಣ ಬೋಗುಣಿಗಳು ಕಾಣುತ್ತವೆ, ಪಕ್ಕದಲ್ಲಿ ಕೆತ್ತಿದ ಸಂಖ್ಯೆಗಳೂ ಇವೆ. ಅವು ಗ್ರೌಸ್ ಎಂಬ ಕೋಳಿಜಾತಿಯ ಹಕ್ಕಿಗೆ ಮಳೆನೀರು ನಿಲ್ಲಲೆಂದು ಮಾಡಿಸಿದವು. ಹಕ್ಕಿಯ ಮೇಲಿನ ಕರುಣೆಯಿಂದಲ್ಲ, ಆಗಸ್ಟ್ 12ರಿಂದ ಅದನ್ನು ಹೊಡೆಯಲಿಕ್ಕೆ. ಒಂದು ಕಾಲಕ್ಕೆ ಈ ಮೂರ್‌ಗಳು ಜಮೀನುದಾರರ ಖಾಸಗಿ ಬೇಟೆಯ ನೆಲಗಳು. ಹಕ್ಕಿಗೆ ನೀರಿಡಲಾಗಿದ್ದ ನೆಲದಿಂದ ಶೆಫೀಲ್ಡ್, ಮ್ಯಾಂಚೆಸ್ಟರ್‌ಗಳ ಕಾರ್ಖಾನೆಯ ಜನರನ್ನು ಕಾವಲುಗಾರರು ಅಟ್ಟುತ್ತಿದ್ದರು. ಇಲ್ಲಿಂದ ಪಶ್ಚಿಮಕ್ಕಿರುವ ಕಿಂಡರ್ ಸ್ಕೌಟ್ ಬೆಟ್ಟಕ್ಕೆ 1932ರ ಏಪ್ರಿಲ್ 24ರಂದು ನೂರಾರು ಯುವಕರು ಬೇಕೆಂದೇ ಅತಿಕ್ರಮಿಸಿ ಹತ್ತಿದರು. ಮುಂದಾಳಾಗಿದ್ದ ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತು ವರ್ಷ. ಅವನೂ ಸೇರಿ ಐವರು ಜೈಲಿಗೆ ಹೋದರು. ಹಳ್ಳಿಯ ಕಾಲುದಾರಿಗಳನ್ನು ನಕಾಶೆಯಲ್ಲಿ ದಾಖಲಿಸಲು ಕಾನೂನು ಬಂದದ್ದು 1949ರಲ್ಲಿ, ನಾವಿರುವ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದದ್ದು 1951ರಲ್ಲಿ, ಮೂರ್‌ಗಳಲ್ಲಿ ದಾರಿ ಬಿಟ್ಟೂ ಅಡ್ಡಾಡುವ ಹಕ್ಕನ್ನು ಕೊಟ್ಟ ಕಾಯಿದೆ 2000ದಲ್ಲಿ. ಹೆದರ್ ಪೊದೆಯಿಂದ ಗ್ರೌಸ್ ಫಟ್ಟನೆ ಎದ್ದು ಹಾರುವಾಗಿನ ಕೂಗು ಇಲ್ಲಿಯವರ ಕಿವಿಗೆ ‘ಗೋ ಬ್ಯಾಕ್, ಗೋ ಬ್ಯಾಕ್’ ಎಂದು ಕೇಳುತ್ತದಂತೆ. ಹೊರಗಿನಿಂದ ಬಂದ ನನಗೆ ಮೊದಮೊದಲು ಅದು ತಮಾಷೆಯೆನಿಸಲಿಲ್ಲ.

ಊರಿನಲ್ಲಿಯೂ ಬೆಳಿಗ್ಗೆ ನಾವಿಬ್ಬರೂ ಓಡಲು ಹೊರಟೆವು. ನಮ್ಮ ಮನೆಯ ಹಿಂದಿನಿಂದ ಅಡಿಕೆ ತೋಟದ ಅಂಚು ಹಿಡಿದು, ಸೊಪ್ಪಿನಬೆಟ್ಟವನ್ನು ಬಳಸಿ ತುಂಗೆಯ ದಡಕ್ಕೆ ಇಳಿಯುವ ಕಾಲುದಾರಿ ನಾನು ಹುಟ್ಟುವ ಮುಂಚಿನದು. ಹೊಳೆಯ ಕಡೆಯ ಕೇರಿಯವರು ಕೆಲಸಕ್ಕೆ, ಅವರ ಮಕ್ಕಳು ಶಾಲೆಗೆ ಅದರಲ್ಲೇ ಬರುತ್ತಿದ್ದರು. ಬೇಲಿ ಸಿಗುವಲ್ಲಿ ತಡಬೆಯಿತ್ತು, ಅಂದರೆ ದನ ದಾಟದಂತೆ, ಮನುಷ್ಯ ಮಾತ್ರ ಹತ್ತಿ ಇಳಿಯುವಂತೆ ಕಟ್ಟಿದ ಮರದ ಮೆಟ್ಟಿಲು. ಡರ್ಬಿಶೈರಿನ ಕಲ್ಲುಗೋಡೆಗಳಲ್ಲಿ ಇರುವುದೂ ಇದೇ, ಅದಕ್ಕೆ ನಮ್ಮಲ್ಲಿ ಎಂದಿನಿಂದಲೋ ಹೆಸರಿದೆ ಎಂದು ಮಗಳಿಗೆ ಹೆಮ್ಮೆಯಿಂದ ಹೇಳುತ್ತ ಹೋದೆ. ತಡಬೆ ಇರಲಿಲ್ಲ. ಅದರ ಜಾಗದಲ್ಲಿ ಆಳೆತ್ತರದ ಹೊಸ ತಂತಿಬೇಲಿ, ಕಬ್ಬಿಣದ ಗೇಟು, ಗೇಟಿಗೆ ಬೀಗ. ಮಗಳು ಕಂಬದ ಸುತ್ತ ಹೋಗಿ ಹಳದಿ ಬಾಣ ಹುಡುಕಿದಳು.

ತಿಂಡಿಯ ಹೊತ್ತಿಗೆ ಅವಳು ಕೇಳಿದ ಪ್ರಶ್ನೆ ಅದೇ: “ಅಜ್ಜ, ನೀವು ಆ ದಾರಿಗಿಂತ ಹಳಬರಾ?”

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಕುರಿ ಕಾಯುವ ಮುದುಕನ ಕಥೆಯನ್ನೆಲ್ಲ ಅವಳು ಹೇಳಿದ ಮೇಲೆ ನಕ್ಕು, “ನಿನ್ನ ಮಗಳು ಲಾಯರಾಗ್ತಾಳೆ ಮಾರಾಯ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಆ ದಾರಿ ನಕಾಶೆಯಲ್ಲಿ ಇಲ್ಲ” ಎಂದು, ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರು. ಅವರ ಕಾರಣಗಳು ಸುಳ್ಳಲ್ಲ. ಅಡಿಕೆಗೆ ಬೆಲೆ ಬಂದ ಮೇಲೆ ಕಳ್ಳರ ಕಾಟ ಹೆಚ್ಚಿದೆ, ಹಂದಿಗಳು ಬೇಲಿಯಿಲ್ಲದ ಕಡೆ ಏನನ್ನೂ ಉಳಿಸುವುದಿಲ್ಲ, ರಾತ್ರಿ ಎದ್ದು ತೋಟ ಸುತ್ತುವ ವಯಸ್ಸು ಅವರದಲ್ಲ, ಸುತ್ತಬೇಕಾದ ಮಗ ಏಳು ಸಾವಿರ ಕಿಲೋಮೀಟರಿಗೂ ಆಚೆ ಇನ್ನೊಬ್ಬರ ಹೊಲದಲ್ಲಿ ಓಡುತ್ತಿದ್ದಾನೆ. ಬೀಗದ ಕೈ ಜಗಲಿಯ ಮೊಳೆಗೆ ನೇತುಹಾಕಿದೆ, ಕೇಳಿದವರಿಗೆ ಕೊಡುತ್ತೇನೆ ಎಂದೂ ಹೇಳಿದರು. ಕೇಳಬೇಕಾ ಎಂದು ಮಗಳು ಅನ್ನುವಷ್ಟರಲ್ಲಿ ಅಮ್ಮ ಅವಳ ತಟ್ಟೆಗೆ ಇನ್ನೊಂದು ಕಡುಬು ಹಾಕಿದರು.

ಹಿಂದೆ ನಮ್ಮಲ್ಲಿ ದಾರಿಗಳು ಎಲ್ಲರಿಗೂ ತೆರೆದಿದ್ದವು, ದುಡ್ಡು ಬಂದು ಮುಚ್ಚಿದವು ಎಂದು ಬರೆದು ಮುಗಿಸಿದರೆ ಸುಲಭವಿತ್ತು. ಆದರೆ ಆ ರಾತ್ರಿ ನಿದ್ದೆ ಬಾರದೆ ನನ್ನದೇ ಶಾಲೆಯ ದಾರಿಯನ್ನು ಮನಸ್ಸಿನಲ್ಲಿ ನಡೆದು ನೋಡಿದೆ. ಮೂರು ಮನೆಯವರ ಜಮೀನಿನ ಮೇಲೆ ಹಾದುಹೋಗುತ್ತಿದ್ದ ಆ ದಾರಿ ಮೇಲಿನಮನೆಯ ಅಂಗಳದ ಅಂಚಿನಲ್ಲಿ ಹೋಗುತ್ತಿತ್ತು. ಅಲ್ಲಿಯ ದೊಡ್ಡಮ್ಮ ಬೇಸಿಗೆಯಲ್ಲಿ ನಮ್ಮನ್ನು ಕರೆದು ಮಜ್ಜಿಗೆ ಕೊಡುತ್ತಿದ್ದರು. ಕೇರಿಯ ಮಕ್ಕಳು ಅಲ್ಲಿಯವರೆಗೆ ನಮ್ಮ ಜೊತೆಯೇ ಬಂದು, ಅಂಗಳ ಸಿಗುವ ಮೊದಲು ಅಗಳಿಗೆ ಇಳಿದು, ಹೊರಗಿನಿಂದ ಸುತ್ತಿ, ಹಟ್ಟಿಯಾಚೆ ಮತ್ತೆ ನಮ್ಮನ್ನು ಕೂಡಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಅಗಳಿನಲ್ಲಿ ನೀರಿರುತ್ತಿತ್ತು. ಅವರು ಬಳಸಿ ಹೋಗುತ್ತಿದ್ದಾರೆಂದು ಒಮ್ಮೆಯೂ ನನಗೆ ಅನ್ನಿಸಿರಲಿಲ್ಲ. ಅವರ ದಾರಿಯೇ ಅದು ಎಂದು ತಿಳಿದಿದ್ದೆ. ಆ ದಾರಿಗೆ ಬೇಲಿಯೂ ಇರಲಿಲ್ಲ, ಬೀಗವೂ ಇರಲಿಲ್ಲ.

ಮರುದಿನ ಬೀಗದ ಕೈ ಕೇಳಲು ನನಗೆ ಮನಸ್ಸಾಗಲಿಲ್ಲ, ಅಪ್ಪನೊಡನೆ ವಾದಿಸುವ ಧೈರ್ಯವೂ ಬರಲಿಲ್ಲ. ಮಗಳನ್ನು ಕರೆದುಕೊಂಡು ಈಗ ಎಲ್ಲರೂ ಹೋಗುವ ಟಾರು ರಸ್ತೆಯಲ್ಲಿ ಹೊಳೆಯ ಕಡೆಗೆ ಓಡಿದೆ. ಎರಡು ಕಿಲೋಮೀಟರ್ ಹೆಚ್ಚು, ನೆರಳಿಲ್ಲ, ಮರಳಿನ ಲಾರಿ ಬಂದರೆ ಚರಂಡಿಗೆ ಇಳಿದು ನಿಲ್ಲಬೇಕು. ತಿರುವಿನಲ್ಲಿ ಕೇರಿಯ ಹೆಂಗಸೊಬ್ಬರು, ನಮ್ಮ ತೋಟದಲ್ಲಿ ಕೆಲಸ ಮಾಡುತ್ತಲೇ ತಲೆ ನರೆತವರು, ಬುತ್ತಿ ಹಿಡಿದು ನಮ್ಮ ಮನೆಯ ಕಡೆಗೇ ಬರುತ್ತಿದ್ದರು. ಬೆವರು ಸುರಿಸುತ್ತ ನಿಂತ ನನ್ನನ್ನು ಕಂಡು ಬಾಯಿಗೆ ಸೆರಗು ಹಿಡಿದು ನಕ್ಕರು.

“ಏನಯ್ಯಾ, ನಿಮಗೂ ಬೀಗ ಹಾಕಿದ್ರಾ?”

“ಇಲ್ಲ, ಹೀಗೇ ಓಡ್ಲಿಕ್ಕೆ ಅಂತ ಬಂದದ್ದು” ಎಂದೆ.

“ಬೀಗ ಇತ್ತು” ಎಂದು ಮಗಳು ತಿದ್ದಿದಳು.